ವೈದ್ಯಕೀಯ ಸಂಶೋಧನೆಯ ಇತಿಹಾಸದಲ್ಲಿ ದಾದಿಯರು

ಆರ್.ಟಿ. ನಗರದಿಂದ ಪೇಟೆ ಕಡೆಗೆ ಹೋಗುವ ನಮ್ಮಲ್ಲಿ ಹಲವರು ಮೇಖ್ರಿ ಸರ್ಕಲ್ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗುತ್ತೇವೆ. ಅದೇ ರಸ್ತೆಯಲ್ಲಿ 'ಅವಲಾನ್' ಎಂಬ ಹಳೆಯ ಬಂಗಲೆಯ ಆವರಣದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಬಸ್ಸಿನ ಕಿಟಕಿಯಿಂದ ಅದರ ಬೋರ್ಡು ನೋಡಿದವರೆಷ್ಟೋ ಮಂದಿ. ಆದರೆ ಕ್ಷಯಕ್ಕೆ ಇಡೀ ದೇಶ ಹೇಗೆ ಚಿಕಿತ್ಸೆ ಕೊಡಬೇಕೆಂಬುದನ್ನು ರೂಪಿಸಿದ ಮನೆ ಇದು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ತಿಳಿವಳಿಕೆಯ ಹಿಂದೆ ಮನೆ ಮನೆ ಅಲೆದವರ ದುಡಿಮೆ ಇದೆ ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಐವತ್ತರ ದಶಕದವರೆಗೆ ಕ್ಷಯ ಎಂದರೆ ಸ್ಯಾನಿಟೋರಿಯಂ ಎಂದೇ ಅರ್ಥ. ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ. ಬಡವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಇದ್ದ ಹಾಸಿಗೆಗಳಿಗಿಂತ ರೋಗಿಗಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತ್ತು. ಅಷ್ಟರಲ್ಲಿ ಹೊಸ ಮಾತ್ರೆಗಳು ಬಂದಿದ್ದವು. ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ರೋಗ ವಾಸಿಯಾದೀತೇ? ಈ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ನಗರದ ಬಡ ಬಡಾವಣೆಗಳ 193 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಸ್ಯಾನಿಟೋರಿಯಂಗೆ ಸೇರಿಸಿದರು. ಇನ್ನೊಂದಕ್ಕೆ ಮನೆಯಲ್ಲೇ ಚಿಕಿತ್ಸೆ. ಒಂದು ವರ್ಷದ ನಂತರ ನೋಡಿದಾಗ ಮನೆಯ ಚಿಕಿತ್ಸೆಯ ಫಲ ಸ್ಯಾನಿಟೋರಿಯಂಗಿಂತ ಹೆಚ್ಚೇನೂ ಕಡಿಮೆ ಇರಲಿಲ್ಲ. 1959ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನಾದ್ಯಂತ ಕ್ಷಯದ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು.

ಈ ಪ್ರಯೋಗ ನಿಂತಿದ್ದದ್ದು ಯಾವುದರ ಮೇಲೆ? ಮಾತ್ರೆ ಫಲಕಾರಿಯೇ ಎಂದು ತಿಳಿಯಬೇಕಾದರೆ ರೋಗಿ ಅದನ್ನು ನುಂಗಿದ್ದಾನೆಯೇ ಎಂಬುದು ಮೊದಲು ತಿಳಿಯಬೇಕು. ರೋಗಿ ಮಾತ್ರೆಯನ್ನು ಮೋರಿಗೆ ಎಸೆದು, ಡಾಕ್ಟರ ಮುಂದೆ "ನುಂಗಿದೆ ಸಾರ್" ಎಂದರೆ, ತಪ್ಪಿಲ್ಲದ ಔಷಧಿಯ ಮೇಲೆ ಅಪವಾದ ಬರುತ್ತದೆ. ಆದ್ದರಿಂದ ನರ್ಸ್‌ಗಳು, ಆರೋಗ್ಯ ಸಂದರ್ಶಕಿಯರು ಮನೆಗಳಿಗೆ ಹೋಗುತ್ತಿದ್ದರು. ಕೆಲವೊಮ್ಮೆ ಹೇಳದೆಯೇ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು. ಪರೀಕ್ಷೆಗೆ ಮೂತ್ರ ಸಂಗ್ರಹಿಸುತ್ತಿದ್ದರು. ಇದು ಪೊಲೀಸು ತನಿಖೆಯಂತೆ ನಡೆದಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಡಾಕ್ಟರರ ಮುಂದೆ ಹೇಳಲು ಅಳುಕುವ ಮಾತನ್ನು ರೋಗಿ ಮನೆಯ ಜಗಲಿಯ ಮೇಲೆ ಕುಳಿತ ಸಿಸ್ಟರ್‌ಗೆ ಹೇಳುತ್ತಾನೆ. ವಿಜ್ಞಾನಕ್ಕೆ ಬೇಕಾದ ಸತ್ಯ ದೊರೆತದ್ದು ಈ ಸಲಿಗೆಯಿಂದ.

ಅದೇ 1959ರಲ್ಲಿ ಸ್ಥಾಪನೆಯಾದ ನಮ್ಮ ಬಳ್ಳಾರಿ ರಸ್ತೆಯ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ಸಂಸ್ಥೆಯ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದವು. ಬಡ ಹಳ್ಳಿಗರಿಗೆ ರೋಗದ ಪರಿವೆ ಇರುವುದಿಲ್ಲ ಎಂಬುದು ಆಗ ಬಲ್ಲವರೆನಿಸಿಕೊಂಡವರ ನಂಬಿಕೆಯಾಗಿತ್ತು. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳುಹಿಸಲಾಗಿತ್ತು, ಅಷ್ಟೇ. ಸಂಸ್ಥೆಯ ಇಂಥ ಕೆಲಸದ ಆಧಾರದ ಮೇಲೆಯೇ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಕೊಡುವ ದಾರಿ ಹಿಡಿಯಿತು. ಜನರನ್ನು ಗೌರವದಿಂದ ಮಾತನಾಡಿಸಿದರೆ ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಜನರ ವಿಶ್ವಾಸ ದುರುಪಯೋಗವಾಗುವುದೂ ಉಂಟು. ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆ ಸಿಫಿಲಿಸ್ ರೋಗವಿದ್ದ 399 ಮಂದಿ ಬಡ ಕಪ್ಪು ಜನರನ್ನು ಚಿಕಿತ್ಸೆ ಕೊಡದೆ ಕೇವಲ ಗಮನಿಸುತ್ತಾ ಬಂತು. ನಾಲ್ವತ್ತರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದು ಸಿಗಲಿಲ್ಲ. ಅವರನ್ನು ಈ ಅಧ್ಯಯನದಲ್ಲಿ ಹಿಡಿದಿಟ್ಟ ಕೊಂಡಿ ಯೂನಿಸ್ ರಿವರ್ಸ್ ಎಂಬ ನರ್ಸ್. ಆಕೆಯೂ ಕಪ್ಪು ಮಹಿಳೆ. ರೋಗಿಗಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು, ಅವರ ಕುಟುಂಬದ ಸುಖದುಃಖ ವಿಚಾರಿಸುತ್ತಿದ್ದಳು. ಆಕೆಯನ್ನು ನಂಬಿ ಅವರು ಬಂದರು. ವಿಪರ್ಯಾಸವೆಂದರೆ, ಸಂಶೋಧನಾ ಲೇಖನಗಳಲ್ಲಿ ನರ್ಸ್‌ಗಳ ಹೆಸರು ಅಪರೂಪವಾಗಿದ್ದ ಆ ಕಾಲದಲ್ಲಿ ಈ ಅಧ್ಯಯನದ 1953ರ ಲೇಖನದಲ್ಲಿ ಮೊದಲ ಹೆಸರು ಆಕೆಯದೇ. ಬಿಳಿಯ ವೈದ್ಯರ ವ್ಯವಸ್ಥೆಯಲ್ಲಿ ಆಕೆಗೆ ಪ್ರಶ್ನಿಸುವ ಶಕ್ತಿ ಎಷ್ಟಿತ್ತು ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ಪ್ರಶ್ನಿಸುವ ಹಕ್ಕಿಲ್ಲದ ನರ್ಸ್‌ನ ಒಳ್ಳೆಯತನವನ್ನೇ ಇತರರು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನಂತೂ ಈ ಪ್ರಕರಣ ತೋರಿಸಿಕೊಟ್ಟಿದೆ.

ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಔಷಧ ಪ್ರಯೋಗ ಹೊಸದೇನಲ್ಲ. 2009ರಿಂದ ಪ್ರತಿ ಪ್ರಯೋಗವನ್ನೂ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. 2019ರ ನಿಯಮಗಳ ಪ್ರಕಾರ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿಯಾಗಬೇಕು. ಪ್ರಯೋಗದಿಂದ ಹಾನಿಯಾದವರಿಗೆ ಪರಿಹಾರ ಸಿಗಬೇಕು. ಆ ತೊಂದರೆ ಮೊದಲು ಕಣ್ಣಿಗೆ ಬೀಳುವುದು ರಾತ್ರಿ ಪಾಳಿಯ ನರ್ಸ್‌ಗೆ. ಔಷಧಿಯನ್ನು ಸರಿಯಾದ ತಂಪಿನಲ್ಲಿ ಇಡುವುದು, ಗೊತ್ತುಮಾಡಿದ ಗಳಿಗೆಗೆ ರಕ್ತ ತೆಗೆಯುವುದು, ಬರೆದದ್ದು ತಪ್ಪಾದರೆ ಅಳಿಸದೆ ಒಂದು ಗೆರೆ ಎಳೆದು ಸಹಿ, ದಿನಾಂಕ ಹಾಕಿ ತಿದ್ದುವುದು – ಇವೆಲ್ಲ ಕಲಿತು ಬರಬೇಕಾದ ವಿದ್ಯೆಗಳು. ಶುಶ್ರೂಷೆಯ ತರಬೇತಿಯ ಜೊತೆಗೆ ಇವನ್ನೂ ಕಲಿಸಬೇಕಾಗಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಒಪ್ಪಿಗೆಯ ಮಾತು. ನಮ್ಮ ಆರ್.ಟಿ. ನಗರದ ಒಂದೇ ಬೀದಿಯಲ್ಲಿ ಕನ್ನಡ, ದಖನಿ, ತಮಿಳು, ತೆಲುಗು ಕೇಳಿಸುತ್ತವೆ. ಒಪ್ಪಿಗೆ ಪತ್ರ ಉರ್ದುವಿನಲ್ಲಿ ಅಚ್ಚಾಗಿದ್ದರೂ ಅದರ ಗ್ರಾಂಥಿಕ ಪದಗಳು ಮನೆಯಲ್ಲಿ ದಖನಿ ಆಡುವ ನಮ್ಮ ಅಮ್ಮಂದಿರಿಗೆ, ನಾನಿಯರಿಗೆ ದೂರ. ಕನ್ನಡದ ಪತ್ರದ ಕಥೆಯೂ ಹೆಚ್ಚು ಬೇರೆಯಲ್ಲ. "ಅರ್ಥವಾಯಿತೇ?" ಎಂದು ಡಾಕ್ಟರ್ ಕೇಳಿದರೆ ಅವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆ ಒಪ್ಪಿಗೆಯಲ್ಲ ಎಂದು ಗುರುತಿಸಿ, ಪಕ್ಕದಲ್ಲಿ ಕುಳಿತು, "ಅಮ್ಮಾ, ಇದು ಪ್ರಯೋಗ. ಬೇಡವೆಂದರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ನಡುವೆ ಯಾವಾಗ ಬೇಕಾದರೂ ಬಿಡಬಹುದು" ಎಂದು ಅವರ ಮಾತಿನಲ್ಲೇ ಹೇಳಬಲ್ಲವಳು ನರ್ಸ್. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು, ಸಹಿಯಾದ ಪತ್ರದ ಒಂದು ಪ್ರತಿ ರೋಗಿಗೆ ಸಿಗಬೇಕು ಎಂದು ನಿಯಮವೇ ಹೇಳುತ್ತದೆ. ಅದನ್ನು ಕೇಳಿ ಪಡೆಯುವುದನ್ನು ನಾವೂ ಕಲಿಯಬೇಕು.

ಹೊಸ ಔಷಧಿಗಳು ಬೇಕು, ಅದಕ್ಕೆ ಪ್ರಯೋಗಗಳೂ ಬೇಕು. ಆದರೆ ರೋಗಿಯ ಪರವಾಗಿ "ಇದು ಸರಿಯಲ್ಲ" ಎನ್ನುವ ನರ್ಸ್‌ಗೆ ಕೆಲಸ ಹೋಗುವ ಭಯವಿರಬಾರದು. ಮುಂದಿನ ಬಾರಿ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಆ ಹಳೆಯ ಬಂಗಲೆಯತ್ತ ಒಮ್ಮೆ ನೋಡೋಣ. ಮಾತ್ರೆ ಎಣಿಸುತ್ತಾ ಮನೆ ಮನೆ ತಿರುಗಿದ ಹೆಸರಿಲ್ಲದ ಆ ಹೆಣ್ಣುಮಕ್ಕಳ ಋಣ ನಮ್ಮ ಮೇಲೂ ಇದೆ.