ರಾಜೀನಾಮೆ: ಒಂದು ಮಾತಿನ ಚರಿತ್ರೆ

ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರೆಂದು ರೇಡಿಯೋ ವಾರ್ತೆಯಲ್ಲಿ ಕೇಳಿದರೆ ನಮಗೆ ಹೊಳೆಯುವ ಅರ್ಥ ಒಂದೇ: ಅವರು ಕುರ್ಚಿ ಬಿಟ್ಟರು. ಆದರೆ ಆ ಮಾತಿನೊಳಗೆ 'ಬಿಡು' ಎಂಬ ಅರ್ಥವೇ ಇಲ್ಲ. ಕೆಲವರು ಭಾವಿಸುವಂತೆ ಅದರಲ್ಲಿ ರಾಜನೂ ಇಲ್ಲ. 'ರಾಜಿ' ಎಂಬುದು ಅರಬ್ಬಿಯಿಂದ ಫಾರಸಿಯ ಮೂಲಕ ಬಂದದ್ದು. ಒಪ್ಪಿದವನು, ತೃಪ್ತನಾದವನು ಎಂದರ್ಥ. 'ನಾಮೆ' ಎಂದರೆ ಪತ್ರ. ವಕಾಲತ್ತುನಾಮೆ, ಪಂಚನಾಮೆ, ಕರಾರುನಾಮೆಗಳಲ್ಲಿರುವುದೂ ಅದೇ. ಹೀಗೆ ರಾಜೀನಾಮೆಯೆಂದರೆ ಒಪ್ಪಿಗೆಯ ಪತ್ರ. ಹಿಂದಿ, ಉರ್ದುಗಳಲ್ಲಿ ಇಂದಿಗೂ ಅದು ವ್ಯಾಜ್ಯ ಮುಗಿಸಿಕೊಂಡ ಒಪ್ಪಂದದ ಹೆಸರು. ಹುದ್ದೆ ಬಿಡುವುದಕ್ಕೆ ಅಲ್ಲಿ 'ಇಸ್ತೀಫಾ' ಎನ್ನುತ್ತಾರೆ. ಕನ್ನಡ, ಮರಾಠಿ, ತೆಲುಗು, ತಮಿಳುಗಳಲ್ಲಿ ಒಪ್ಪಿಗೆಯ ಪತ್ರವು ಬಿಡುವ ಪತ್ರವಾಯಿತು. ಮಲಯಾಳಿಗಳಂತೂ ಬಾಲ ಕತ್ತರಿಸಿ ಬರಿಯ 'ರಾಜಿ' ಎಂದುಬಿಡುತ್ತಾರೆ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಕುರ್ಚಿಯನ್ನು ಬಿಟ್ಟು ಜಮೀನಿಗೆ ಬರಬೇಕು. ಹುಳಿಯಾರಿನ ಬಳಿಯ ಕೆಂಕೆರೆಯಂಥ ಊರಿಗೆ ಬನ್ನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ಬಿಟ್ಟುಕೊಡುವುದೆಂದರೆ ಬಹುಮಟ್ಟಿಗೆ ಮಣ್ಣನ್ನೇ.

ಫಾರಸಿ ಬರುವುದಕ್ಕೆ ಮುಂಚೆ ಈ ಕೆಲಸಕ್ಕೆ ನಮ್ಮದೇ ಮಾತುಗಳಿದ್ದುವು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಹೊರತಂದರು. ಕನ್ನಡ ನಾಡಿನ ದಾನಶಾಸನಗಳನ್ನು ನೋಡಿದವರಿಗೆ 'ಧಾರಾಪೂರ್ವಕಂ ಮಾಡಿ', 'ಬಿಟ್ಟ ದತ್ತಿ' ಎಂಬ ಮಾತುಗಳು ಚಿರಪರಿಚಿತ. ಬಿಡುವುದೇ ಅಲ್ಲಿ ಕೊಡುವುದು. ಕೈಯ ಮೇಲೆ ನೀರು ಎರೆಯಬೇಕು, 'ನ ಮಮ', ನನ್ನದಲ್ಲ, ಎನ್ನಬೇಕು, ಎದುರಿಗೆ ಪಡೆಯುವವನಿರಬೇಕು. ಕಾಗದಕ್ಕಿಂತ ನೀರಿಗೆ ಬೆಲೆ ಹೆಚ್ಚು! ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ ಕೊನೆಗೆ. ಆ ಧಾರೆಯೇ ನಮ್ಮ ಮದುವೆಯ ಧಾರೆ. ತೆಂಗಿನಕಾಯಿಯ ಮೇಲೆ ನೀರೆರೆದು ಮಗಳನ್ನು ಕೊಡುತ್ತೇವೆ. ಈ ಮಗಳ ಮಾತಿಗೆ ಮತ್ತೆ ಬರಬೇಕಾಗಿದೆ.

ಕಂದಾಯದ ಕಾಲ ಬಂದಾಗ ಬಿಡುವುದರ ಸ್ವರೂಪವೇ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಸರ್ವೆ ಮುಂಬಯಿ ಪ್ರಾಂತದ ಮಾದರಿಯದು. ಆ ಪದ್ಧತಿಯಲ್ಲಿ ಹೊಲ ಬೇಡವೆಂದ ರೈತನು ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡುತ್ತಿದ್ದ. ಹೊಸದಾಗಿ ಹಿಡಿಯುವವನು ಕಬೂಲಿಯತ್ತು ಬರೆದುಕೊಡುತ್ತಿದ್ದ. ಒಬ್ಬನ ಒಪ್ಪಿಗೆ ಬಿಡುವುದಕ್ಕೆ, ಇನ್ನೊಬ್ಬನ ಒಪ್ಪಿಗೆ ಹಿಡಿಯುವುದಕ್ಕೆ. ಮಳೆ ಹೋಗಿ ಕಂದಾಯ ತಲೆಯ ಮೇಲೆ ಕೂತಾಗ ರೈತ ಎಷ್ಟರಮಟ್ಟಿಗೆ 'ರಾಜಿ'ಯಾಗಿದ್ದನೋ ಊಹಿಸಬಹುದು. ಹೀಗೆ ಜಮೀನಿನಲ್ಲಿ ಪಳಗಿದ ಮಾತು ಕಚೇರಿಯ ಹುದ್ದೆಗೂ ಹತ್ತಿತೆಂದು ನನ್ನ ಅಭಿಪ್ರಾಯ. 1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟುದನ್ನು ಹೇಳುವಾಗ ನಾವು ಬಳಸುವುದೂ ಇದನ್ನೇ.

ಮಾತು ಮರೆತ ಒಪ್ಪಿಗೆಯನ್ನು ಕಾನೂನು ಮತ್ತೆ ನೆನೆದದ್ದು ಒಂದು ಸ್ವಾರಸ್ಯ. 1974ರ ಮೂವತ್ತಮೂರನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿ ಒಂದು ವಿಧಿ ಸೇರಿತು: ಶಾಸಕನ ರಾಜೀನಾಮೆ ಸ್ವಇಚ್ಛೆಯದಲ್ಲ, ನೈಜವಲ್ಲ ಎಂದು ಸಭಾಧ್ಯಕ್ಷರಿಗೆ ಮನವರಿಕೆಯಾದರೆ ಅವರು ಅದನ್ನು ಅಂಗೀಕರಿಸತಕ್ಕದ್ದಲ್ಲ. 2019ರ ಜುಲೈನಲ್ಲಿ ನಮ್ಮ ವಿಧಾನಸಭೆಯಲ್ಲಿ ಎದ್ದ ಚರ್ಚೆಯೆಲ್ಲ ಇದರ ಸುತ್ತ. ಪತ್ರ ಇದ್ದರೆ ಸಾಲದು, 'ರಾಜಿ' ಇದೆಯೇ ಎಂಬುದು ಪ್ರಶ್ನೆ.

ಶಾಸಕನಿಗೆ ಸಿಕ್ಕುವ ಈ ವಿಚಾರಣೆ ತೋಟದ ಮನೆಯ ಮಗಳಿಗೆ ಸಿಕ್ಕುತ್ತದೆಯೆ? ಹಿಂದೆ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ತುಂಡು ಭೂಮಿ ಬಿಡುವ ರೂಢಿ ಉಂಟು; ಅದು ಪ್ರೀತಿಯ ಲೆಕ್ಕ, ಹಕ್ಕಿನದಲ್ಲ. ಕರ್ನಾಟಕವು 1994ರಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಹಕ್ಕು ಕೊಟ್ಟಿತು, ಆದರೆ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ್ದಿಲ್ಲವೆಂದು ತೀರ್ಪಿತ್ತಿತು.

ಹಕ್ಕು ಬಂದಷ್ಟಕ್ಕೆ ಅದನ್ನು ಬಿಡಿಸಿಕೊಳ್ಳುವ ಕಾಗದವೂ ಬೇಕಾಯಿತು. ಅದರ ಹೆಸರು ಹಕ್ಕು ಖುಲಾಸೆ ಪತ್ರ. ಖುಲಾಸೆ! ಆರೋಪಿಯನ್ನು ಬಿಟ್ಟಾಗಲೂ ನಾವು ಇದೇ ಪದ ಬಳಸುತ್ತೇವೆ. ಆದರೆ ಇಲ್ಲಿ ಬಿಡುಗಡೆಯಾಗುವುದು ತೋಟ, ಅದೂ ತಂಗಿಯ ಹಕ್ಕಿನಿಂದ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯಾದ್ದರಿಂದ 1908ರ ಕಾಯಿದೆಯಂತೆ ಇದನ್ನು ನೋಂದಾಯಿಸಲೇಬೇಕು. ಉಪನೋಂದಣಾಧಿಕಾರಿ ಕೇಳಬೇಕಾದ್ದು, ಈ ಪತ್ರ ಬರೆದುಕೊಟ್ಟವಳು ನೀನೇ ತಾನೆ, ರುಜು ನಿನ್ನದೇ ತಾನೆ ಎಂಬಷ್ಟನ್ನು. ಅಣ್ಣನ ಮುಖ ನೋಡಿ ಹಾಕಿದೆಯೋ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದೆಯೋ ಎಂದು ಕೇಳುವುದು ಅವರ ಕರ್ತವ್ಯದಲ್ಲಿ ಸೇರಿಲ್ಲ. ಮನಸಾರೆ ಬಿಟ್ಟುಕೊಡುವ ಅಕ್ಕತಂಗಿಯರೂ ಬೇಕಾದಷ್ಟು ಮಂದಿ ಇದ್ದಾರೆ, ಅದು ಬೇರೆ ಮಾತು. ಇಬ್ಬರ ಕಾಗದವೂ ನೋಡಲು ಒಂದೇ ತರಹ.

1872ರ ಕರಾರು ಕಾಯಿದೆ ಮಾತ್ರ ಮುಕ್ತ ಸಮ್ಮತಿಯಿಲ್ಲದ ಒಪ್ಪಂದವನ್ನು ರದ್ದುಪಡಿಸಿಕೊಳ್ಳಲು ಅವಕಾಶವಿತ್ತಿದೆ. ಅದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕು, ಬಲವಂತವನ್ನು ರುಜುವಾತುಪಡಿಸುವ ಹೊರೆ ಅವಳದೇ. ರದ್ದತಿಗೆ ಆಧಾರವಾದ ಸಂಗತಿ ಮೊದಲು ತಿಳಿದ ದಿನದಿಂದ ಅದಕ್ಕಿರುವ ಅವಧಿ ಮೂರು ವರ್ಷ.