ಉಸಿರು ಸಾಲದವರಿಗೆ ಬಾಗಿಲು ತೆರೆದದ್ದು ತಡವಾಗಿ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಬ್ಬ ಅಜ್ಜಿ ಇರಬಹುದು. ಜೀವನವಿಡೀ ಸೌದೆ ಒಲೆ ಊದಿದವರು. ಈಗ ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಏದುಸಿರು. ರಾತ್ರಿ ಮಲಗೋಕಾಗದೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡ್ತಾರೆ. ನಾವು 'ವಯಸ್ಸಾಯ್ತಲ್ಲ' ಅಂದು ಸುಮ್ಮನಾಗ್ತೀವಿ. ಅದು ಸಿಒಪಿಡಿ ಇರಬಹುದು. ಬೀಡಿ, ಸಿಗರೇಟು ಮುಟ್ಟದವರಿಗೂ ಒಲೆ ಹೊಗೆಯಿಂದ ಬರುತ್ತೆ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತಾಗಲ್ಲ.

ಹಾಗಾದ್ರೆ ಮಾಡೋಕೆ ಏನೂ ಇಲ್ವಾ? ಇದೆ. ಅದರ ಇತಿಹಾಸವೇ ಇವತ್ತಿನ ಕಂತು.

1948, ಲಂಡನ್. ಪೋಲೆಂಡಿನಿಂದ ಬಂದಿದ್ದ ಡೇವಿಡ್ ಟಾಸ್ಮಾ ಅನ್ನೋ ಯಹೂದಿ ನಿರಾಶ್ರಿತ ಕ್ಯಾನ್ಸರಿನಿಂದ ಸಾಯ್ತಿದ್ದ. ಅವನ ಜೊತೆ ಕೂತು ಮಾತಾಡ್ತಿದ್ದವರು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸಿಸಿಲಿ ಸಾಂಡರ್ಸ್. ಇಂಥವರಿಗಾಗಿಯೇ ಒಂದು ಮನೆ ಬೇಕು ಅಂತ ಇಬ್ಬರೂ ಯೋಚಿಸಿದ್ರು. ಅದಕ್ಕೇ ಅವನು 500 ಪೌಂಡ್ ಬಿಟ್ಟುಹೋದ. ಆಕೆ ವೈದ್ಯಕೀಯ ಓದಿ 1957ರಲ್ಲಿ ಡಾಕ್ಟರಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದ್ದೂ ಮನೆಯವರದ್ದೂ ಹೌದು ಅಂತ ಕಲಿಸಿದವರು ಅವರು. 1970ರ ದಶಕದಲ್ಲಿ ಕೆನಡಾದ ಬಾಲ್ಫರ್ ಮೌಂಟ್ ಇದಕ್ಕೆ 'ಪ್ಯಾಲಿಯೇಟಿವ್ ಕೇರ್' ಅಂತ ಹೆಸರಿಟ್ಟರು.

ಆದರೆ ಈ ಬಾಗಿಲು ತೆರೆದದ್ದು ಹೆಚ್ಚಾಗಿ ಕ್ಯಾನ್ಸರ್ ರೋಗಿಗಳಿಗೆ. ನಮ್ಮಲ್ಲೂ ಅಷ್ಟೆ. 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯ, ಎರಡೂ ಶುರುವಾಗಿದ್ದು ಕ್ಯಾನ್ಸರ್ ರೋಗಿಗಳಿಗಾಗಿ.

ಸಿಒಪಿಡಿಯವರು ಯಾಕೆ ಹೊರಗುಳಿದರು? ಈ ಕಾಯಿಲೆ ಒಂದೇ ಸಮ ಇಳಿಯಲ್ಲ. ಉಸಿರು ಕಟ್ಟಿ ಆಸ್ಪತ್ರೆ ಸೇರ್ತಾರೆ, ಚೇತರಿಸಿಕೊಂಡು ಮನೆಗೆ ಬರ್ತಾರೆ, ಮತ್ತೆ ಸೇರ್ತಾರೆ. ಕೊನೆಯ ಸಲ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಹಾಗಾಗಿ 'ಕೊನೆಗಾಲದ ಆರೈಕೆ' ಅವರ ಪಾಲಿಗೆ ಶುರುವಾಗೋದೇ ಇಲ್ಲ.

2000ದಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಉಲ್ಬಣಗೊಂಡ ಸಿಒಪಿಡಿಯ 50 ಜನರನ್ನೂ ಶ್ವಾಸಕೋಶದ ಕ್ಯಾನ್ಸರಿನ 50 ಜನರನ್ನೂ ಹೋಲಿಸಿತು. ಆತಂಕ, ಖಿನ್ನತೆ ಸಿಒಪಿಡಿಯವರಲ್ಲೇ ಹೆಚ್ಚು, ಶೇ 90. ಪ್ಯಾಲಿಯೇಟಿವ್ ತಜ್ಞರ ನೆರವು ಸಿಕ್ಕಿದ್ದು ಕ್ಯಾನ್ಸರಿನವರಲ್ಲಿ ಶೇ 30 ಜನರಿಗೆ. ಸಿಒಪಿಡಿಯವರಲ್ಲಿ? ಒಬ್ಬರಿಗೂ ಇಲ್ಲ.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವ್ಯಾಖ್ಯಾನ ಬದಲಿಸಿತು: ಜೀವಕ್ಕೆ ಅಪಾಯ ತರೋ ಯಾವ ಕಾಯಿಲೆಗಾದರೂ ಈ ಆರೈಕೆ ಬೇಕು, ಅದೂ ಬೇಗನೆ. 2014ರಲ್ಲಿ ಲಂಡನ್ನಿನಲ್ಲಿ ಉಸಿರಾಟದ ತೊಂದರೆಯಿದ್ದ 105 ಜನರ ಮೇಲೆ ನಡೆದ ಪ್ರಯೋಗದ ವರದಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಒಪಿಡಿಯವರು. ಶ್ವಾಸಕೋಶ ತಜ್ಞರು, ಪ್ಯಾಲಿಯೇಟಿವ್ ತಂಡ ಜೊತೆಯಾಗಿ ನೋಡಿಕೊಂಡರು. ಮುಖಕ್ಕೆ ಗಾಳಿ ಬೀಸೋ ಪುಟ್ಟ ಫ್ಯಾನು, ಉಸಿರು ಹತೋಟಿಗೆ ತರೋ ಅಭ್ಯಾಸ, ಉಸಿರು ಕಟ್ಟಿದಾಗ ಏನು ಮಾಡಬೇಕು ಅನ್ನೋ ಯೋಜನೆ, ಇಂಥವೇ. ಏದುಸಿರು ಬಂದಾಗ ನಿಭಾಯಿಸೋ ಧೈರ್ಯ ಹೆಚ್ಚಿತು. ತಡವಾಗಿ ಸೇವೆ ಪಡೆದವರಿಗಿಂತ ಕೂಡಲೇ ಪಡೆದವರಲ್ಲಿ ಆರು ತಿಂಗಳ ನಂತರ ಬದುಕಿದ್ದವರೂ ಹೆಚ್ಚು.

ಅಂದ್ರೆ ಪ್ಯಾಲಿಯೇಟಿವ್ ಅಂದ ಕೂಡಲೇ ಡಾಕ್ಟರು ಕೈಬಿಟ್ಟರು ಅಂತ ಹೆದರಬೇಡಿ. ಇನ್ಹೇಲರು, ಆಕ್ಸಿಜನ್ ಜೊತೆಜೊತೆಗೇ ಇದೂ ನಡೆಯುತ್ತೆ.

ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಿಂದ ಶುರುವಾದ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಬಂತು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನೇ ನೀತಿ ಮಾಡಿತು. ಮನೆಬಾಗಿಲಿಗೇ ಹೋಗಿ ನೋಡಿಕೊಳ್ತಾರೆ.

ನಿಮ್ಮ ಅಜ್ಜಿಯನ್ನ ಮುಂದಿನ ಸಲ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಎರಡು ಪ್ರಶ್ನೆ ಕೇಳಿ. ಡಾಕ್ಟರಿಗೆ: "ಏದುಸಿರು ಕಡಿಮೆ ಮಾಡೋಕೆ ಪ್ಯಾಲಿಯೇಟಿವ್ ತಂಡ ಇದೆಯಾ?" ಅಜ್ಜಿಗೆ: "ನಿಂಗೆ ಯಾವುದಕ್ಕೆ ಜಾಸ್ತಿ ಭಯ ಆಗುತ್ತೆ?"

ಎರಡನೇದನ್ನ ನಾವ್ಯಾರೂ ಕೇಳಿರಲ್ಲ, ಅಲ್ವಾ? ಕೇಳಿ ನೋಡಿ, ಏನಂದ್ರು ಅಂತ ಕೆಳಗೆ ಬರೀರಿ.

#ಇತಿಹಾಸದಕಂತು #ಪ್ಯಾಲಿಯೇಟಿವ್‌ಕೇರ್ #ಸಿಒಪಿಡಿ