ಪರಂಗಿ ಹಣ್ಣೂ ಫಿರಂಗಿಯೂ

ಹೊಲದ ಟಿಪ್ಪಣಿ ಹಾಕಿ ಹದಿನೈದು ದಿನ ಆಯ್ತು. ನಮ್ಮ ಕೆ.ಆರ್.ಪೇಟೆ ಕಡೆ ಎರಡು ಹದ ಮಳೆ ಬಂದಿದೆ, ಉಳುಮೆ ಮುಗಿದಿದೆ, ಬಿತ್ತನೆ ಒಂದೇ ಬಾಕಿ. ಈ ಸಲದ ಬರಹದಲ್ಲಿ ಗೊಬ್ಬರ, ಔಷಧಿ ವಿಚಾರ ಇಲ್ಲ. ಇತಿಹಾಸ ಇದೆ. ಆದರೆ ಕೊನೆಗೆ ಅದು ನಮ್ಮ ಬಿತ್ತನೆಗೇ ಬಂದು ನಿಲ್ಲುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ಶುರುವಾಗಿದ್ದು ಊಟದ ಹೊತ್ತಲ್ಲಿ. ಉಪ್ಸಾರು, ಮುದ್ದೆ. ನಮ್ಮ ಹುಡುಗ ಇರೋ ಒಂದು ಎಕರೆ ಮೂವತ್ತು ಗುಂಟೆಗೂ ಟೊಮೇಟೊ ಹಾಕೋಣ ಅಂತ ಒಂದು ವಾರದಿಂದ ಹಠ ಹಿಡಿದಿದ್ದ. ನಾನು ಎಂದಿನಂತೆ, "ರಾಗಿ ನಮ್ಮದು ಕಣೋ, ಟೊಮೇಟೊ ಎಲ್ಲಿಂದಲೋ ಬಂದದ್ದು" ಅಂದೆ. ಅವನು ತಟ್ಟೆ ಅಂಚಿನ ಖಾರ ತೋರಿಸಿ, "ಅಪ್ಪ, ಇದೆಲ್ಲಿಂದ ಬಂತು ಹೇಳು. ಇದೂ ಟೊಮೇಟೊ ಬಂದ ಕಡೆಯಿಂದಲೇ ಬಂದದ್ದು" ಅಂದ. ನನಗೆ ಉತ್ತರ ಹೊಳೀಲಿಲ್ಲ. ನಮ್ಮವ್ವ ಮಾತ್ರ, "ಮೆಣಸಿನಕಾಯಿ ಇಲ್ಲದೆ ಉಪ್ಸಾರು ಹೆಂಗ್ಲಾ ಮಾಡ್ತಿದ್ರು?" ಅಂತ ಕೇಳಿದ್ರು. ಒಳ್ಳೆ ಪ್ರಶ್ನೆ. ಕಾಳುಮೆಣಸು ಅರೆದು ಮಾಡ್ತಿದ್ರು. ಈಗಲೂ ಬಾಣಂತಿಗೆ ಮೆಣಸಿನ ಸಾರೇ ಕೊಡ್ತೀವಿ. ತಿಥಿ ಅಡುಗೆಗೆ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಮುಟ್ಟದೆ ಕಾಳುಮೆಣಸಲ್ಲೇ ಮಾಡುವ ಬ್ರಾಹ್ಮಣರ ಮನೆಗಳು ಈಗಲೂ ಇವೆ. ಅದು ಹಳೇ ಅಡುಗೆಯ ನೆನಪು.

ಮಾರನೇ ಬೆಳಗ್ಗೆ ನಮ್ಮ ಹೊಲದ ಬದು ಸುತ್ತಿ ಎಣಿಸಿದೆ. ಬೇಲಿಯ ಕತ್ತಾಳೆ, ಕಲ್ಲುಗುಡ್ಡೆ ಪಕ್ಕದ ಸೀತಾಫಲ, ಬಾವಿ ಹತ್ತಿರದ ಪರಂಗಿ, ಸೀಬೆ, ಮನೆ ಖರ್ಚಿಗೆ ಹಾಕಿರೋ ಮೆಣಸಿನಕಾಯಿ, ಟೊಮೇಟೊ, ಹೋದ ವರ್ಷ ಮಾಡಿದ್ದ ಕಡ್ಲೆಕಾಯಿ, ದನದ ಮೇವಿನ ಮುಸುಕಿನ ಜೋಳ. ಒಟ್ಟು ಎಂಟು. ಎಂಟೂ ಅಮೆರಿಕ ಖಂಡದವು. ಸೀತೆಯ ಹೆಸರಿಟ್ಟುಕೊಂಡಿರೋ ಹಣ್ಣು ಕೂಡ ಅಲ್ಲಿಂದಲೇ ಹಡಗು ಹತ್ತಿದ್ದು.

ಇದಕ್ಕೆ ಸಾಕ್ಷಿ ನಮ್ಮ ಮಾತಲ್ಲೇ ಇದೆ. ಮೆಣಸು ಅಂದರೆ ಮೊದಲಿಂದ ಬಳ್ಳಿಯಲ್ಲಿ ಬಿಡೋ ಕಪ್ಪು ಕಾಳು. ಹೊಸದಾಗಿ ಬಂದ ಖಾರದ ಕಾಯಿಗೆ ನಮ್ಮೋರು "ಮೆಣಸಿನ ಕಾಯಿ" ಅಂದ್ರು. ಜೋಳ ಮೊದಲೇ ಇತ್ತು, ಸಿಪ್ಪೆ ಮುಸುಕು ಹಾಕ್ಕೊಂಡು ಬಂದದ್ದು ಮುಸುಕಿನ ಜೋಳ ಆಯ್ತು. ಕಡಲೆ ಮೊದಲೇ ಇತ್ತು, ನೆಲದೊಳಗೆ ಕಾಯಿ ಕಟ್ಟಿದ್ದು ಕಡ್ಲೆಕಾಯಿ ಆಯ್ತು. ಹೊಸ ಸೊಸೆಗೆ ಮನೆಯ ಹಳೇ ಹೆಸರು ಸೇರಿಸಿ ಕರೆದಂಗೆ. ಪರಂಗಿ ಹಣ್ಣಿಗೆ ಮಾತ್ರ ತಂದವರ ಹೆಸರೇ ಉಳೀತು. ಪರಂಗಿ ಅಂದರೆ ಯೂರೋಪಿನವನು. ತೋಪಿಗೆ ನಾವು ಹೇಳೋ ಫಿರಂಗಿ ಅನ್ನೋದೂ ಅದೇ ಪದ. ಒಂದೇ ಮಾತಿನಿಂದ ನಮ್ಮ ಭಾಷೆಗೆ ಹಣ್ಣೂ ಬಂತು, ಫಿರಂಗಿಯೂ ಬಂತು. ನಾನು ಹೇಳಬೇಕಾದ ಇತಿಹಾಸ ಇಷ್ಟೇ, ಆದರೂ ಬಿಡಿಸಿ ಹೇಳ್ತೀನಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸೋಮನಾಥಪುರದಂಥ ಹೊಯ್ಸಳ ಗುಡಿಗಳ ಶಿಲ್ಪದ ಕೈಯಲ್ಲಿರೋದು ಮುಸುಕಿನ ಜೋಳದ ತೆನೆ, ಹಾಗಾಗಿ ಅದು 13ನೇ ಶತಮಾನದಲ್ಲೇ ನಮ್ಮಲ್ಲಿತ್ತು ಅಂತ 1989ರಲ್ಲಿ ಅಮೆರಿಕದ ವಿದ್ವಾಂಸರು ಬರೆದರು. ಅದು ತೆನೆಯಲ್ಲ, ಮುತ್ತು ಕೂರಿಸಿದ ಮುಕ್ತಾಫಲ ಅಂತ ನಮ್ಮ ದೇಶದ ಮುಸುಕಿನ ಜೋಳದ ವಿಜ್ಞಾನಿಗಳೇ ಉತ್ತರ ಕೊಟ್ಟರು. ಹೊಸಹೊಳಲು, ಸೋಮನಾಥಪುರಕ್ಕೆ ಹೋದಾಗ ವಿಗ್ರಹಗಳ ಕೈ ಕಡೆ ಕಣ್ಣು ಹಾಯಿಸಿ. ನೋಡಿದರೆ ತೆನೆ ಅನ್ನಿಸೋದು ನಿಜ. ಅನ್ನಿಸಿದ್ದೆಲ್ಲ ಸಾಕ್ಷಿ ಆಗಲ್ಲ.

ಈಗ ಮೂಲಕ್ಕೆ ಬರ್ತೀನಿ. ಯೂರೋಪಿನೋರು ಹಡಗು ಹತ್ತಿದ್ದಕ್ಕೆ ದೊಡ್ಡ ಕಾರಣ ನಮ್ಮ ಪಶ್ಚಿಮ ಘಟ್ಟದ ಮೆಣಸು. ಅರಬ್ಬರ ಕೈ ದಾಟಿ, ವೆನಿಸ್ಸಿನ ಸಾಹುಕಾರರ ಕೈ ದಾಟಿ ಅವರ ಊರು ಸೇರೋ ಹೊತ್ತಿಗೆ ಬೆಲೆ ಮುಗಿಲು ಮುಟ್ಟುತ್ತಿತ್ತು. ನಡುವಿನ ದಲ್ಲಾಳಿ ತಪ್ಪಿಸೋಣ ಅಂತ 1492ರಲ್ಲಿ ಕೊಲಂಬಸ್ ಪಶ್ಚಿಮಕ್ಕೆ ಹೊರಟ. ಸಿಕ್ಕಿದ್ದು ಅಮೆರಿಕ. ಅಲ್ಲಿ ಮೆಣಸು ಇರಲಿಲ್ಲ, ಖಾರದ ಕಾಯಿ ಇತ್ತು. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾ ಬಳಸಿ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಸುಲ್ತಾನರಿಂದ ಗೋವೆ ಕಿತ್ತುಕೊಂಡರು. ಅಮೆರಿಕದ ಗಿಡಗಳು ಅವರ ಹಡಗಲ್ಲಿ ಗೋವೆಗೆ, ಕರಾವಳಿಗೆ ಬಂದು, ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿದವು. ಮೆಣಸು ಹುಡುಕಿಕೊಂಡು ಬಂದೋರು ಮೆಣಸಿನಕಾಯಿ ಕೊಟ್ಟು ಹೋದರು.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಪೋರ್ಚುಗೀಸರು ಮೆಣಸು ಬೆಳೀಲಿಲ್ಲ. ಬೆಳೆದದ್ದು ಮಲೆಯಾಳದ, ಗೇರುಸೊಪ್ಪೆಯ ರೈತರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೀತಿದ್ರು. ಅವರು ಹಿಡಿದದ್ದು ಸಮುದ್ರದ ದಾರಿಯನ್ನ. ತಮ್ಮ ರಹದಾರಿ ಚೀಟಿ ಇಲ್ಲದ ಹಡಗು ಕಂಡರೆ ಫಿರಂಗಿ ಹೊಡೆದು ಸಾಮಾನು ಕಿತ್ಕೊಳ್ಳೋರು. ಬೆಳೆ ನಿನ್ನದೇ ಇರಲಿ, ಅದು ಹೋಗೋ ದಾರಿ ನನ್ನದು ಅನ್ನೋ ಲೆಕ್ಕ. ಆಮೇಲೆ 1600ರಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ, 1602ರಲ್ಲಿ ಡಚ್ಚರ ಕಂಪನಿ ಹುಟ್ಟಿದವು. ಅವೂ ಅದೇ ಪಾಠ ಕಲಿತವು.

ಗಿಡ ಆ ಕಡೆಯಿಂದ ಈ ಕಡೆಗೆ ಮಾತ್ರ ಬಂದದ್ದಲ್ಲ. ನಾಲೆ ಬಯಲಿನ ನೆಂಟರಿಗೆ ಇದು ಗೊತ್ತಿರಬೇಕು. ಕಬ್ಬು ನಮ್ಮ ಏಷ್ಯಾ ಕಡೆಯ ಬೆಳೆ. 1493ರಲ್ಲಿ ಕೊಲಂಬಸ್ಸನೇ ತನ್ನ ಎರಡನೇ ಯಾನದಲ್ಲಿ ಅದನ್ನ ಅಮೆರಿಕದ ದ್ವೀಪಗಳಿಗೆ ಒಯ್ದ. ಅಲ್ಲಿನ ಮೂಲ ಜನ ಸಿಡುಬಿಗೆ, ದೌರ್ಜನ್ಯಕ್ಕೆ ಸಿಕ್ಕಿ ಸತ್ತುಹೋದರು. ಕಬ್ಬು ಕಡಿಯೋಕೆ ಆಳು ಬೇಕಲ್ಲ, ಆಫ್ರಿಕಾದಿಂದ ಜನರನ್ನ ಸರಪಳಿ ಹಾಕಿ ಸಾಗಿಸಿದರು. ಮುನ್ನೂರೈವತ್ತು ವರ್ಷದಲ್ಲಿ ಹಾಗೆ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನ. ಹೆಚ್ಚಿನವರು ಸಕ್ಕರೆ ತೋಟಗಳಿಗೇ ಹೋದರು. ಗುಲಾಮಗಿರಿ ನಿಂತ ಮೇಲೆ, 1834ರಿಂದ, ಮಾರಿಷಸ್ಸಿನ ಕಬ್ಬಿನ ಗದ್ದೆಗೆ ನಮ್ಮ ದೇಶದ ಕೂಲಿಗಳನ್ನ ಕರಾರು ಬರೆಸಿಕೊಂಡು ಒಯ್ದರು. ಅದೇ ಕಬ್ಬು, ಅದೇ ಸಿಹಿ. ಗದ್ದೆ ಯಾರದ್ದು, ಬೆಲೆ ಕಟ್ಟೋನು ಯಾರು ಅನ್ನೋದರ ಮೇಲೆ ಅದು ಒಬ್ಬರಿಗೆ ಜೀವನ, ಇನ್ನೊಬ್ಬರಿಗೆ ಸಂಕೋಲೆ.

ಹಣ್ಣಿನ ಕಥೆ ಆಯ್ತು, ಇನ್ನು ಫಿರಂಗಿ ಕಥೆ. ಅದು ನಮ್ಮ ಬಾಗಿಲಿಗೇ ಬಂದದ್ದು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರಿತ್ತು ಅಂತ ನಮ್ಮ ಮಾವನೋರು ಹೇಳೋರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕೆಳಗೆ ಕೆಲಸಕ್ಕಿದ್ದ ಫ್ರೆಂಚ್ ಸಿಪಾಯಿಗಳು ಹಿರೋಡೆಯ ಆ ಬಂಡೆಗಳ ಹತ್ತಿರ ಬಿಡಾರ ಹೂಡ್ತಿದ್ರು. ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಇದ್ದ ಜಗಳ ನಮ್ಮ ಹಿರೋಡೆಯ ಕಲ್ಲಿಗೂ ಅಂಟಿಕೊಂಡಿತ್ತು. ಟಿಪ್ಪು ಮೆಣಸು, ಶ್ರೀಗಂಧದ ವ್ಯಾಪಾರವನ್ನ ಸರ್ಕಾರದ ಕೈಲೇ ಇಟ್ಟುಕೊಂಡಿದ್ದ. ಕಂಪನಿಗೆ ಅದು ಕಣ್ಣಲ್ಲಿ ಬಿದ್ದ ಮುಳ್ಳು.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆವರೆಗೂ ಬಂದ. ಕಾಳಗದಲ್ಲಿ ಮೇಲುಗೈ ಆಯ್ತು, ಆದರೂ ಕೋಟೆ ಮುತ್ತೋಕೆ ಆಗಲಿಲ್ಲ. ಕಾರಣ ರೈತರಿಗೆ ತಟ್ ಅಂತ ಅರ್ಥ ಆಗುತ್ತೆ: ಎತ್ತು ಸತ್ತವು. ಮೇವಿಲ್ಲ, ಮಳೆ ಹಿಡೀತು, ದನಕ್ಕೆ ರೋಗ ಬಂತು. ಎಳೆಯೋರಿಲ್ಲದ ದೊಡ್ಡ ತೋಪುಗಳನ್ನ ತಾನೇ ಒಡೆಸಿಹಾಕಿ ಬೆಂಗಳೂರಿಗೆ ವಾಪಸ್ ಹೋದ. ಮೈಸೂರಿನ ಕಡೆ ಅಮೃತ ಮಹಲ್ ಎತ್ತುಗಳಿದ್ದವು. ನಮ್ಮ ಹಳ್ಳಿಕಾರ್ ರಾಸಿನ ಹತ್ತಿರದ ರಕ್ತ, ಓಡೋ ನಡಿಗೆ. 1799ರ ನಂತರ ಕಂಪನಿ ಮೊದಲು ವಶಕ್ಕೆ ತಗೊಂಡ ಆಸ್ತಿಗಳಲ್ಲಿ ಆ ದನಗಳೂ ಸೇರಿದ್ದವು.

1792ರಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದ. ಈ ಸಲ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಗಂಡುಮಕ್ಕಳ ಒತ್ತೆ. ಹೋದ ಅರ್ಧದಲ್ಲಿ ಮೆಣಸಿನ ಮಲಬಾರ್ ಇತ್ತು. ಆ ಯುದ್ಧದಲ್ಲೇ ಇಂಗ್ಲಿಷರ ಜೊತೆಗಾರರಾಗಿ ಬಂದ ಮರಾಠಾ ಸೈನ್ಯ ನಾಗಮಂಗಲವನ್ನ ಹಾಳುಗೆಡವಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ರಾಜಧಾನಿ ಮೈಸೂರಿಗೆ ಹೋಯ್ತು. ಪಟ್ಟಣದ ದ್ವೀಪ 1881ರವರೆಗೂ ಇಂಗ್ಲಿಷರ ಕೈಲೇ ಇತ್ತು. ಮೈಸೂರು ಸಂಸ್ಥಾನ ಕಂಪನಿಗೆ ವರ್ಷಾ ವರ್ಷ 7 ಲಕ್ಷ ವರಹ ಕಟ್ಟಬೇಕು ಅಂತ ಕರಾರಾಯ್ತು. ಆ ವರಹ ಅರಮನೆ ಹಿತ್ತಲಲ್ಲಿ ಬೆಳೀಲಿಲ್ಲ. ಅದರಲ್ಲಿ ದೊಡ್ಡ ಪಾಲು ಕಂದಾಯದ ಹೆಸರಲ್ಲಿ ನಮ್ಮಂಥೋರ ಹೊಲದಿಂದಲೇ ಹೋದದ್ದು.

ಮಾರನೇ ವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್ ಅನ್ನೋ ಡಾಕ್ಟರನ್ನ ಇಲ್ಲಿಗೆ ಕಳಿಸಿದ. ಗೆದ್ದ ನೆಲದಲ್ಲಿ ಏನೇನಿದೆ ಅಂತ ಪಟ್ಟಿ ಮಾಡೋಕೆ. ಅವನು ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲ ಎಲ್ಲ ಸುತ್ತಿ, ಯಾವ ಬೆಳೆಗೆ ಎಷ್ಟು ಬೀಜ, ಎಷ್ಟು ಫಸಲು, ಸರ್ಕಾರಕ್ಕೆ ಎಷ್ಟು ಅಂತ ಬರೆದ. 1807ರಲ್ಲಿ ಅದು ಲಂಡನ್ನಲ್ಲಿ ಪುಸ್ತಕ ಆಯ್ತು. ಇಂಗ್ಲಿಷ್ ಪುಸ್ತಕ, ನನ್ನ ಎಸ್‌.ಎಸ್‌.ಎಲ್‌.ಸಿ. ಓದಿಗೆ ಎಟುಕಲ್ಲ. ಮಗಳು ಓದಿ ಹೇಳಿದಳು. ಒಣ ಭೂಮಿಯಲ್ಲಿ ರಾಗಿಯೇ ದೊಡ್ಡ ಬೆಳೆ, ರಾಗಿ ಸಾಲಿನ ನಡುವೆ ಅವರೆ, ತೊಗರಿ, ಆಮೇಲೆ ಹುರುಳಿ, ಹುಚ್ಚೆಳ್ಳು. ನಮ್ಮಪ್ಪ ಹಾಕ್ತಿದ್ದ ಅಕ್ಕಡಿ ಸಾಲನ್ನೇ ಯಾರೋ ನೋಡಿ ಬರೆದಂಗಿತ್ತು. ರಾಗಿಯನ್ನ ನೆಲದ ಹಗೇವಿನಲ್ಲಿ ವರ್ಷಗಟ್ಟಲೆ ಇಡ್ತಾರೆ ಅನ್ನೋದೂ ಅದರಲ್ಲಿದೆ.

ಆ ಹಗೇವಿನ ಮಾತು ಕೇಳಿದಾಗಲೇ ನನಗೆ ಮಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು.

ಮೊದಲು ನನ್ನ ತಪ್ಪು ಒಪ್ಕೋತೀನಿ. ರಾಗಿ ನಮ್ಮದು, ಟೊಮೇಟೊ ಪರದೇಶದ್ದು ಅನ್ನೋ ವಾದ ನಿಲ್ಲಲ್ಲ. ರಾಗಿಯೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಹುಚ್ಚೆಳ್ಳೂ ಅಲ್ಲಿಯದೇ. ಇಲ್ಲೇ ಹುಟ್ಟಿದ್ದು ಅಂತ ಎದೆ ತಟ್ಟಿ ಹೇಳೋಕೆ ಹುರುಳಿ ಇದೆ. ಬೀಜ ಯಾವ ಕಡೆಯಿಂದ ಬಂದರೂ ನಮ್ಮ ಅಜ್ಜಿಯರು ಸೆರಗಲ್ಲಿ ಕಟ್ಟಿಟ್ಟು, ಒಳ್ಳೇದು ಆರಿಸಿ, ನಾಕು ತಲೆಮಾರು ಬಿತ್ತಿ ನಮ್ಮದು ಮಾಡ್ಕೊಂಡ್ರು. ಬಂದದ್ದೆಲ್ಲ ಒಳ್ಳೇದೇ ಅಂತಲೂ ಅಲ್ಲ. ಅಂದಕ್ಕೆ ಅಂತ 19ನೇ ಶತಮಾನದ ಮೊದಲಲ್ಲಿ ಕಲ್ಕತ್ತೆಯ ತೋಟಕ್ಕೆ ತಂದ ಲಂಟಾನ ಈಗ ನಮ್ಮ ಗುಡ್ಡಗಳಲ್ಲಿ ದನಕ್ಕೆ ಹುಲ್ಲು ಬೆಳೆಯೋಕೆ ಜಾಗ ಬಿಟ್ಟಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಬೆಳೆ ಬಂದ ಮೇಲೆ ಅದನ್ನ ತಡೆದು ಇಟ್ಕೊಳ್ಳೋಕೆ ನನಗೆ ಆಗುತ್ತಾ? ಬೀಜ ನನ್ನ ಹತ್ರ ಉಳಿಯುತ್ತಾ? ದಾರಿ ಇನ್ನೊಬ್ಬನ ಕೈಲಿದ್ದರೆ ಬೆಳೆ ನನ್ನದಾದರೂ ಬೆಲೆ ಅವನದು. ಮೆಣಸಿನ ಕಥೆ ಹೇಳೋದು ಅದನ್ನೇ. ಮೂರು ವರ್ಷದ ಹಿಂದೆ ಟೊಮೇಟೊ ಕ್ರೇಟು ಹೇರಿಕೊಂಡು ಮಾರುಕಟ್ಟೆಗೆ ಹೋದವನು ಬಾಡಿಗೆ, ಬಿಡಿಸಿದ ಕೂಲಿ ಕೂಡ ಹುಟ್ಟದೆ ಬರಿಗೈಲಿ ಬಂದಿದ್ದೆ. ಉಳಿದ ಫಸಲು ಹೊಲದಲ್ಲೇ ಕೊಳೆಯಿತು. ಅವತ್ತು ನನ್ನ ಹತ್ರ ಮೂರು ಚೀಲ ರಾಗಿ ಇದ್ದದ್ದಕ್ಕೆ ಮನೆ ನಡೀತು. ಮಗ ಆಗ ಬೆಂಗಳೂರಲ್ಲಿದ್ದ, ನಾನು ಅವನಿಗೆ ಹೇಳಿರಲಿಲ್ಲ. ಈ ಸಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತಾ ಅಪ್ಪ" ಅಂದ.

ರಾಗಿಯೊಂದಿದ್ದರೆ ಎಲ್ಲ ಸರಿ ಅಂತಲೂ ನಾನು ಹೇಳಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಮಳೆ ಮೇಲೆ ಮಳೆ ಕೈಕೊಟ್ಟರೆ ಹಗೇವೂ ಬರಿದಾಗುತ್ತೆ. ಮದುವೆ, ಫೀಸು, ಸಾಲದ ಕಂತು ಯಾವುದನ್ನೂ ರಾಗಿಯಲ್ಲಿ ಕಟ್ಟೋಕೆ ಆಗಲ್ಲ, ದುಡ್ಡಿನ ಬೆಳೆ ಬೇಕೇ ಬೇಕು. ಮಗ ಹೇಳೋದರಲ್ಲೂ ನ್ಯಾಯ ಇದೆ.

ಹಾಗಾಗಿ ನಮ್ಮನೇಲಿ ಹೀಗೆ ತೀರ್ಮಾನ ಆಗಿದೆ. ಒಂದು ಎಕರೆಗೆ ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಮೂವತ್ತು ಗುಂಟೆ ಮಗನಿಗೆ. ಅದರಲ್ಲಿ ಟೊಮೇಟೊ ಹದಿನೈದು ಗುಂಟೆ, ಮಿಕ್ಕಿದ್ದಕ್ಕೆ ಮೆಣಸಿನಕಾಯಿ. ಹಸೀದಕ್ಕೆ ಬೆಲೆ ಸಿಗದಿದ್ದರೆ ಹಣ್ಣು ಮಾಡಿ ಒಣಗಿಸಿ ಇಟ್ಕೊಬಹುದು. ಅದೂ ಒಂಥರಾ ಹಗೇವು. ಟೊಮೇಟೊ ಲೆಕ್ಕ ಬರೆದಿಡೋದು ಅವನ ಕೆಲಸ, ಲಾಭ ಬಂದರೂ ನಷ್ಟ ಆದರೂ ಇಲ್ಲೇ ಹಾಕ್ತೀನಿ.

ಒಂದು ಕೋರಿಕೆ. ನಾಗಮಂಗಲ, ಪಾಂಡವಪುರ, ಪಟ್ಟಣದ ಕಡೆ ಯಾರ ಮನೇಲಾದರೂ ಹಳೇ ನಾಟಿ ಮೆಣಸಿನಕಾಯಿ ಬೀಜ, ಮನೇಲೇ ಉಳಿಸಿಕೊಂಡು ಬಂದ ಮುಸುಕಿನ ಜೋಳ ಇದ್ದರೆ ಒಂದು ಹಿಡಿ ಕೊಡಿ. ಬದಲಿಗೆ ನಮ್ಮ ಅವ್ವ ಕಾಪಾಡಿರೋ ಅವರೆ ಬೀಜ ಕೊಡ್ತೀನಿ. ಪರಂಗಿಯವರು ತಂದದ್ದೇ ಇರಲಿ, ನಮ್ಮ ಮಡಕೆಯಲ್ಲಿ ಉಳಿದರೆ ಅದು ನಮ್ಮದೇ.